ಕಾರಿನ ಶೃಂಗಾರ ಈಗ ಮೊಬೈಲ್‌ನಲ್ಲೇ: ಕಾರವಾರ, ಅಂಕೋಲಾ ಅಂಗಡಿಗಳಿಗೆ ಉಳಿಯೋದೇನು?

ಕಾರವಾರ: ಹೊಸ ಕಾರು ತಗೊಂಡವರು ಮೊದಲು ಪೂಜೆ ಮಾಡಿಸ್ತಾರೆ, ಆಮೇಲೆ ಸೀಟ್ ಕವರ್, ಮ್ಯಾಟ್, ಮ್ಯೂಸಿಕ್ ಸಿಸ್ಟಂ ಹಾಕಿಸೋಕೆ ಅಂಗಡಿ ಹುಡುಕ್ತಾರೆ. ಈ ಎರಡನೇ ಕೆಲಸ ಈಗ ಕಾರು ಮನೆಗೆ ಬರುವ ಮೊದಲೇ ಮೊಬೈಲ್‌ನಲ್ಲಿ ಮುಗಿಯುತ್ತಿದೆ. ಕಂಪನಿಯ ವೆಬ್‌ಸೈಟ್‌ನಲ್ಲಿ ಬಣ್ಣ, ಅಲಾಯ್ ಚಕ್ರ, ಸೀಟ್ ಕವರ್ ಒತ್ತಿದರೆ ಸಾಕು, ಪರದೆ ಮೇಲಿನ ಕಾರು ಹಾಗೇ ಬದಲಾಗುತ್ತೆ. ಬಿಲ್ ಕೂಡ ಏರುತ್ತೆ. ಇದರಿಂದ ಗ್ರಾಹಕರಿಗೆ ಲಾಭವೆಷ್ಟು, ಕಾರವಾರ-ಅಂಕೋಲಾದ ಅಂಗಡಿಕಾರರಿಗೆ ಪೆಟ್ಟೆಷ್ಟು?

ಆಯ್ಕೆ ನಮ್ಮದು, ಪಟ್ಟಿ ಅವರದ್ದು

‘ನಿಮಗಾಗಿಯೇ ತಯಾರಾದ ಕಾರು’ ಅನ್ನೋದು ಅರ್ಧ ಸತ್ಯ. ಕಾರ್ಖಾನೆಯಿಂದ ಸಾವಿರಾರು ಕಾರು ಒಂದೇ ಸಾಲಿನಲ್ಲಿ ಇಳಿಯುತ್ತವೆ. ಮಾರುತಿ ಕಂಪನಿ ವಿಟಾರಾ ಬ್ರೆಝಾಕ್ಕೆ ‘ಐಕ್ರಿಯೇಟ್’ ಹೆಸರಲ್ಲಿ ಕೊಟ್ಟಿದ್ದೂ ಮೊದಲೇ ಸಿದ್ಧವಿದ್ದ ಸಾಮಾನುಗಳ ಪಟ್ಟಿಯನ್ನೇ. ಇಂಥವನ್ನು ಸಾಮಾನ್ಯವಾಗಿ ಕೂರಿಸೋದು ಡೀಲರ್ ಬಳಿ.

ಕಂಪನಿಗೆ ಇದರಲ್ಲಿ ಇನ್ನೊಂದು ಲಾಭವಿದೆ. 2022ರ ಜುಲೈ 30ರಂದು ಮಹೀಂದ್ರಾ ಸ್ಕಾರ್ಪಿಯೋ-ಎನ್‌ಗೆ ಅರ್ಧ ಗಂಟೆಯೊಳಗೆ 1 ಲಕ್ಷ ಬುಕಿಂಗ್ ಬಂತು. ಬುಕ್ ಮಾಡಿದವರು ಆಗಸ್ಟ್ 15ರವರೆಗೆ ವೇರಿಯಂಟ್ ಬದಲಿಸಬಹುದಿತ್ತು. ಯಾವ ಮಾದರಿಗೆ ಎಷ್ಟು ಬೇಡಿಕೆ ಅಂತ ವಿತರಣೆ ಶುರುವಾಗುವ ಮೊದಲೇ ಕಂಪನಿಗೆ ಗೊತ್ತಾಯ್ತು. ಊರಿನ ಅಂಗಡಿಯವರು ಮಾತ್ರ ಯಾವ ಕಾರಿನ ಕವರ್ ಎಷ್ಟು ಓಡುತ್ತೆ ಅಂತ ಅಂದಾಜಿನ ಮೇಲೇ ಮಾಲು ತರಿಸಬೇಕು.

ಹೊರಗೆ ಮಾಡಿಸಿದರೆ ಎಲ್ಲಿ ತೊಡಕು?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಾರಿನ ಮೂಲ ಸ್ವರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ನಿಯಮ ಮೀರಿದ ಪ್ರತಿ ಬದಲಾವಣೆಗೂ ಮಾಲೀಕರಿಗೆ 5,000 ರೂ. ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಸೀಟ್ ಕವರ್, ಮ್ಯಾಟ್‌ಗೆ ಈ ಭಯ ಇಲ್ಲ. ಆದರೆ ಮುಂದಿನ ಕಬ್ಬಿಣದ ಬುಲ್ ಬಾರ್ ವಿರುದ್ಧ ಕ್ರಮಕ್ಕೆ ಕೇಂದ್ರ ಸರ್ಕಾರ 2017ರಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಗಾಜಿನಲ್ಲಿ ಬೆಳಕು ಹಾಯುವ ಪ್ರಮಾಣ ಮುಂದೆ-ಹಿಂದೆ 70%, ಬದಿಗಳಲ್ಲಿ 50% ಇರಲೇಬೇಕು. ಇಡೀ ಕಾರಿನ ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಿಸಬೇಕು. ಕೆಎ-30 ಗಾಡಿಯವರು ಅದಕ್ಕೆ ಕಾರವಾರ ಆರ್‌ಟಿಒ ಕಚೇರಿಗೇ ಹೋಗಬೇಕು.

ದಂಡ ಬೀಳೋದು ಮಾಲೀಕರಿಗೆ. ಆದರೆ ಹೆಸರು ಕೆಡೋದು ಕೂರಿಸಿಕೊಟ್ಟ ಅಂಗಡಿಯದ್ದು. ವೈರ್ ಕತ್ತರಿಸಿ ಲೈಟ್, ಹಾರ್ನ್ ಹಾಕಿಸಿದರೆ ಮುಂದೆ ವಾರಂಟಿ ಕೇಳುವಾಗ ತಕರಾರು ಬರುತ್ತೆ. ದುಬಾರಿ ಮ್ಯೂಸಿಕ್ ಸಿಸ್ಟಂ ಹಾಕಿಸಿ ವಿಮಾ ಕಂಪನಿಗೆ ತಿಳಿಸದಿದ್ದರೆ, ಕಳುವಾದಾಗ ಅದರ ಪರಿಹಾರವೂ ಕಷ್ಟ.

ಪರದೆ ಮಾಡದ ಕೆಲಸ

ಹಾಗಂತ ಊರಿನ ಅಂಗಡಿ ಬಾಗಿಲು ಹಾಕಬೇಕಿಲ್ಲ. ಕಂಪನಿಯ ಪಟ್ಟಿ ಇಡೀ ದೇಶಕ್ಕೆ ಒಂದೇ. ಕಾರವಾರದ ಉಪ್ಪು ಗಾಳಿ, ಅಂಕೋಲಾದ ಮಳೆಗಾಲ ಅದರಲ್ಲಿ ಇರೋದಿಲ್ಲ. ಇಲ್ಲಿ ಕಾರಿನ ತಳ ಬೇಗ ತುಕ್ಕು ಹಿಡಿಯುತ್ತೆ, ಒದ್ದೆ ಮ್ಯಾಟ್ ವಾಸನೆ ಬರುತ್ತೆ. ಅಡಿ ಭಾಗದ ಕೋಟಿಂಗ್, ಅಳತೆಗೆ ತಕ್ಕ ಹೊಲಿಗೆ, ಹರಿದ ಸೀಟಿನ ದುರಸ್ತಿ ಮೊಬೈಲ್‌ನಿಂದ ಆಗೋ ಕೆಲಸವಲ್ಲ. ಹಳೇ ಕಾರು ಕೊಂಡವರಿಗಂತೂ ಕಂಪನಿಯ ಪರದೆ ಉಪಯೋಗಕ್ಕೇ ಬರೋದಿಲ್ಲ.

ಅಂಗಡಿಯವರೂ ಒಂದು ವಿಷಯ ಕಲಿಯಬೇಕು. ಕಂಪನಿಯ ಪರದೆ ಮೇಲೆ ಪ್ರತಿ ಸಾಮಾನಿನ ದರ ಮೊದಲೇ ಕಾಣುತ್ತೆ. ಅಂಗಡಿಯಲ್ಲೂ ಫೋಟೊ, ದರ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಪಕ್ಕಾ ಬಿಲ್ ಕೊಟ್ಟು, ಯಾವುದು ಕಾನೂನಿಗೆ ಒಪ್ಪುತ್ತೆ ಅಂತ ಮೊದಲೇ ಹೇಳಿದರೆ ಗಿರಾಕಿ ಉಳೀತಾರೆ. ಕೊಳ್ಳುವವರು ಡೀಲರ್ ಹೇಳಿದ ಇಡೀ ಆಕ್ಸೆಸರೀಸ್ ಪ್ಯಾಕೇಜ್‌ಗೆ ತಲೆಯಾಡಿಸುವ ಮೊದಲು, ಊರಿನ ಅಂಗಡಿಯಲ್ಲೂ ಅದೇ ಸಾಮಾನಿನ ದರ ವಿಚಾರಿಸೋದು ಒಳ್ಳೇದು.