ಸರಳು ಕಚ್ಚಿಕೊಂಡರೆ ಬಲ ಬೇಡ

ಮಕ್ಕಳೇ, ಮಾಗಡಿ, ಕನಕಪುರ ಪೇಟೆಗಳಿಗೆ ರೈಲು ಹಳಿ ಇಲ್ಲ. ರಾಮನಗರ, ಚನ್ನಪಟ್ಟಣಗಳಿಗೆ ಇದೆ. ಆಟದ ರೈಲಿಗೆ ಮಾತ್ರ ಆ ಭೇದವಿಲ್ಲ, ಯಾವ ಊರಿನ ಮನೆಯಲ್ಲೂ ಓಡುತ್ತದೆ. ಚನ್ನಪಟ್ಟಣದ ಮರದ ರೈಲಾದರೆ ದಾರ ಕಟ್ಟಿ ಎಳೆದರೆ ಸಾಕು. ಹಳೆಯ ಉಗಿಬಂಡಿಯಂತೆ ಮಾಡಿದ, ಮೋಟಾರಿನಿಂದ ಓಡುವ ಪುಟ್ಟ ಎಂಜಿನ್ ಹಾಗಲ್ಲ. ಅದಕ್ಕೆ ಕೆಲವೊಮ್ಮೆ ಕುಂಟುವ ಕಾಯಿಲೆ ಬರುತ್ತದೆ. ಸ್ವಲ್ಪ ಓಡಿ, ತಡೆದು, ಮತ್ತೆ ಓಡುತ್ತದೆ. ಕೊನೆಗೆ ಗುಂಯ್ ಎನ್ನುತ್ತಾ ನಿಂತೇಬಿಡುತ್ತದೆ. ಈ ವಾರ ಅದರ ಮದ್ದು ನೋಡೋಣ. ತಾತನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಎಂಜಿನ್ನಿನ ಚಕ್ರಗಳನ್ನು ಹೊರಗಡೆಯಿಂದ ಒಂದಕ್ಕೊಂದು ಸೇರಿಸುವ ಉದ್ದನೆಯ ಸರಳು ಇದೆಯಲ್ಲ, ಅದು ಜೋಡೆತ್ತಿನ ನೊಗ ಇದ್ದ ಹಾಗೆ. ಎರಡು ಎತ್ತೂ ಒಂದೇ ಹೆಜ್ಜೆ ಹಾಕಿದರೆ ಗಾಡಿ ಸಲೀಸು. ಒಂದು ಮುಂದೆ, ಒಂದು ಹಿಂದೆ ಆದರೆ ನೊಗ ಎಳೆದಾಡುತ್ತದೆ. ಎಂಜಿನ್ನಿನಲ್ಲಿ ಇಂಥ ನೊಗ ಎರಡು, ಎಡಕ್ಕೊಂದು, ಬಲಕ್ಕೊಂದು. ಎಡಗಡೆಯ ಪಿನ್ನು ಗಡಿಯಾರದ 12ರ ಜಾಗದಲ್ಲಿದ್ದಾಗ ಬಲಗಡೆಯದು 3ರ ಅಥವಾ 9ರ ಜಾಗದಲ್ಲಿರುತ್ತದೆ. ನಿಜವಾದ ಉಗಿಬಂಡಿಯಲ್ಲಿ ಒಂದು ಕಡೆಯ ದಂಡ ತನ್ನ ಓಟದ ಕೊನೆ ಮುಟ್ಟಿ ತಳ್ಳಲಾರದೆ ನಿಂತಾಗ, ಇನ್ನೊಂದು ಕಡೆಯದು ಪೂರ್ತಿ ಬಲದಿಂದ ತಳ್ಳಲಿ ಎಂದು ಹೀಗೆ ಮಾಡಿದ್ದಾರೆ. ಮೈಸೂರಿನಲ್ಲಿ 1979ರಲ್ಲಿ ಶುರುವಾದ ರೈಲು ವಸ್ತುಸಂಗ್ರಹಾಲಯಕ್ಕೆ ಹೋದರೆ, ಉಗಿ ಎಂಜಿನ್ನಿನ ಎರಡೂ ಪಕ್ಕಕ್ಕೆ ಹೋಗಿ ಪಿನ್ನುಗಳನ್ನು ಹೋಲಿಸಿ ನೋಡಿ.

ಈಗ ಪರೀಕ್ಷೆ. ಮೊದಲು ಕರೆಂಟು ತಪ್ಪಿಸಿ. ಟವೆಲ್ ಮೇಲೆ ಎಂಜಿನ್ ಮಗುಚಿ, ಚಕ್ರಕ್ಕೆ ಕೂದಲೋ ದಾರವೋ ಸುತ್ತಿದ್ದರೆ ಚಿಮಟದಿಂದ ತೆಗೆಯಿರಿ. ಎಷ್ಟೋ ಸಲ ಕಾಯಿಲೆ ಇಲ್ಲಿಗೇ ವಾಸಿ. ಆಗದಿದ್ದರೆ ಮೋಟಾರನ್ನು ಬಿಡಿಸಿ. ಮೋಟಾರಿಗೆ ಸೇರಿದ ಹಲ್ಲುಚಕ್ರಗಳು ಸಾಮಾನ್ಯವಾಗಿ ಬೆರಳಿಗೆ ತಿರುಗುವುದಿಲ್ಲ. ಬಿಚ್ಚಿದ ತಿರುಪುಗಳನ್ನು ಡಬ್ಬಿಯ ಮುಚ್ಚಳದಲ್ಲಿಡಿ. ಆಮೇಲೆ ಎಂಜಿನ್ನನ್ನು ಗಾಜಿನ ಮೇಲೆ ಮೆಲ್ಲಗೆ ಉರುಳಿಸಿ. ತಡೆದ ಕಡೆ ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಪ್ರತಿ ಸುತ್ತಿನಲ್ಲೂ ಅದೇ ಗುರುತಿಗೆ ತಡೆದರೆ ಸರಳಿನ ಮೇಲೆ ಅನುಮಾನ ಪಡಬಹುದು.

ಮುಂದೆ ಪತ್ತೇದಾರಿ ಕೆಲಸ. ಎಡಗಡೆಯ ಸರಳು ಬಿಚ್ಚಿ ಉರುಳಿಸಿ. ಅದನ್ನು ಹಾಕಿ, ಬಲಗಡೆಯದನ್ನು ಬಿಚ್ಚಿ ಉರುಳಿಸಿ. ಕೊನೆಗೆ ಎರಡನ್ನೂ ಬಿಚ್ಚಿ ಉರುಳಿಸಿ.

ಎರಡೂ ಸರಳು ಬಿಚ್ಚಿದ ಮೇಲೂ ತಡೆದರೆ ಸರಳು ನಿರಪರಾಧಿ. ಕೊಳೆ ಅಚ್ಚಿನಲ್ಲಿದೆ, ಇಲ್ಲವೇ ಹಲ್ಲುಚಕ್ರದಲ್ಲಿದೆ.

ಒಂದೇ ಕಡೆಯ ಸರಳು ಇದ್ದಾಗ ತಡೆದರೆ, ತಪ್ಪು ಆ ಕಡೆಯದು. ಅಲ್ಲಿನ ತಿರುಪು ಅತಿ ಬಿಗಿಯಾಗಿರಬಹುದು, ತೂತಿನಲ್ಲಿ ಕೊಳೆ ಇರಬಹುದು, ಸರಳು ಬಾಗಿರಬಹುದು. ಸರಳನ್ನು ಗಾಜಿನ ಮೇಲೆ ಮಲಗಿಸಿದರೆ ಡೊಂಕು ತಾನೇ ಕಾಣುತ್ತದೆ.

ಒಂದೊಂದೇ ಸರಳಿಗೆ ಸಲೀಸಾಗಿ ಉರುಳಿ, ಎರಡೂ ಹಾಕಿದಾಗ ಮಾತ್ರ ತಡೆದರೆ, ಯಾವುದೋ ಚಕ್ರ ತನ್ನ ಅಚ್ಚಿನ ಮೇಲೆ ಜಾರಿದೆ. 12 ಮತ್ತು 3ರ ಲೆಕ್ಕ ಒಂದು ಅಚ್ಚಿನಲ್ಲಿ ಸರಿಯಿದೆ, ಇನ್ನೊಂದರಲ್ಲಿ ತಪ್ಪಿದೆ. ಆ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸಿ ಸರಿಮಾಡಬೇಕು. ಇದು ದೊಡ್ಡವರ ಕೆಲಸ. ಕಾಲು ಸುತ್ತಿನ ಅಳತೆ ಚೂರು ಹೆಚ್ಚುಕಮ್ಮಿ ಇದ್ದರೂ ನಡೆಯುತ್ತದೆ, ಎಲ್ಲ ಅಚ್ಚುಗಳಲ್ಲೂ ಒಂದೇ ಇರಬೇಕು. ಎತ್ತುಗಳ ಮಾತೂ ಅದೇ ತಾನೇ?

ತೂತನ್ನು ಅರದಿಂದ ಉಜ್ಜಿ ಅಗಲ ಮಾಡುವ ಆಸೆ ಬಂದೀತು. ತಡೆಯಿರಿ. ಅದು ಕಟ್ಟಕಡೆಯ ಉಪಾಯ. ಉಜ್ಜಿದ ಲೋಹ ಮತ್ತೆ ಬಾರದು. ತಾತನ ಕಾಲದ ಎಂಜಿನ್ನಾದರೆ ಅದಕ್ಕೆ ಹೊಂದುವ ಹೊಸ ಸರಳು ಅಂಗಡಿಯಲ್ಲಿ ಸಿಗುವುದೂ ಕಷ್ಟ.

ತಡೆಯುತ್ತಿದ್ದರೂ ಓಡಿಸುತ್ತಲೇ ಇದ್ದರೆ ಏನಾಗುತ್ತದೆ? ಚನ್ನಪಟ್ಟಣದ ಲೇತ್ ನೋಡಿದವರಿಗೆ ಉತ್ತರ ಗೊತ್ತು. ತಿರುಗುವ ಹಾಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ. ಉಜ್ಜಾಟಕ್ಕೆ ಅಷ್ಟು ಕಾವಿದೆ. ಅಲ್ಲಿ ಅದು ಬೊಂಬೆಗೆ ಹೊಳಪು ಕೊಡುತ್ತದೆ. ಇಲ್ಲಿ ಸರಳು ಸವೆಯುತ್ತದೆ, ತಿರುಗಲಾಗದ ಮೋಟಾರು ಕಾದು ಸುಟ್ಟೇ ಹೋಗಬಹುದು.

ಸರಿಯಾದ ಮೇಲೆ ಪ್ರತಿ ಪಿನ್ನಿಗೆ ಸೂಜಿ ಮೊನೆಯಲ್ಲಿ ನಿಲ್ಲುವಷ್ಟು ಹೊಲಿಗೆ ಮಿಷನ್ ಎಣ್ಣೆ ಸಾಕು. ಹೆಚ್ಚಾದರೆ ಧೂಳು ಹಿಡಿಯುತ್ತದೆ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗುತ್ತದೆ. ಮರದ ರೈಲಿನ ಚಕ್ರ ಮಳೆಗಾಲದಲ್ಲಿ ಊದಿ ಬಿಗಿಯಾದರೆ ಎಣ್ಣೆಯನ್ನೇ ಹಾಕಬೇಡಿ. ನೆರಳಿನಲ್ಲಿ ಒಣಗಿಸಿ, ಅಚ್ಚಿಗೆ ಮೇಣದಬತ್ತಿ ತಿಕ್ಕಿ. ಬಿಸಿಲಿಗಿಟ್ಟರೆ ಅರಗಿನ ಬಣ್ಣ ಕೆಡುತ್ತದೆ.

ತಾತಂದಿರೇ, ಅಜ್ಜಿಯರೇ, ನಿಮ್ಮಲ್ಲೊಂದು ಕೋರಿಕೆ. ಸ್ಕ್ರೂಡ್ರೈವರ್ ಮಕ್ಕಳ ಕೈಯಲ್ಲಿರಲಿ, ಕನ್ನಡಕ ನಿಮ್ಮ ಮೂಗಿನ ಮೇಲಿರಲಿ. ಎಲ್ಲಿ ತಡೆಯುತ್ತಿದೆ ಎಂಬುದನ್ನು ಅವರೇ ಹುಡುಕಲಿ.