#90 ಒತ್ತಿದರೆ ಸಿಮ್ ಕಳುವಾಗುತ್ತದೆಯೇ? ಆಫೀಸಿಗೆ ಫೋನ್ ಮಾಡಿ ‘ಒಳಹೋಗುತ್ತಿದ್ದ’ ಕಾಲದಿಂದ ವಿಪಿಎನ್‌ವರೆಗೆ

‘ಅಪರಿಚಿತ ನಂಬರಿನಿಂದ ಕರೆ ಬಂದು, ನಾವು ಟೆಲಿಫೋನ್ ಕಂಪನಿಯವರು, ನಿಮ್ಮ ಲೈನ್ ಪರೀಕ್ಷೆ ಮಾಡುತ್ತಿದ್ದೇವೆ, #90 ಅಥವಾ #09 ಒತ್ತಿ ಎಂದರೆ ದಯವಿಟ್ಟು ಒತ್ತಬೇಡಿ. ಒತ್ತಿದರೆ ನಿಮ್ಮ ಸಿಮ್ ಅವರ ಪಾಲಾಗುತ್ತದೆ. ಎಲ್ಲ ಗ್ರೂಪ್‌ಗಳಿಗೂ ಕಳಿಸಿ.’

ಈ ಸಂದೇಶ ನಿಮ್ಮ ಮನೆಯವರ ವಾಟ್ಸ್ಆ್ಯಪ್ ಗ್ರೂಪಿಗೂ ಒಂದಲ್ಲ ಒಂದು ಸಲ ಬಂದಿರಬಹುದು. ಮೊದಲೇ ಹೇಳಿಬಿಡುತ್ತೇವೆ: ನಿಮ್ಮ ಮೊಬೈಲಿನಲ್ಲಿ #90 ಒತ್ತಿದರೆ ಸಿಮ್ ನಕಲಾಗುವುದಿಲ್ಲ. ಸಿಮ್ ಕಾರ್ಡನ್ನು ಗುರುತಿಸುವ ಗುಪ್ತ ಕೀ ಆ ಕಾರ್ಡಿನೊಳಗೇ ಇರುತ್ತದೆ. ಕರೆ ಮಾಡಿದಾಗಲೂ ಅದು ಹೊರಗೆ ಹೋಗುವುದಿಲ್ಲ.

ಆದರೆ ಈ ಸುಳ್ಳು ಶೂನ್ಯದಿಂದ ಹುಟ್ಟಿದ್ದಲ್ಲ. ಇದರ ಬೇರು ಇರುವುದು ಆಫೀಸುಗಳ ಫೋನ್ ವ್ಯವಸ್ಥೆಯಲ್ಲಿ. ಹೊರಗಿನವರು ಟೆಲಿಫೋನ್ ಮೂಲಕ ಆಫೀಸಿನ ವ್ಯವಸ್ಥೆಯೊಳಗೆ ಬರುವುದು ಹೇಗೆ, ಬಂದವರು ನಮ್ಮವರೇ ಎಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ ಬಹಳ ಹಳೆಯದು. ಆ ಕಥೆ ಗೊತ್ತಾದರೆ ಇಂದು ನಮ್ಮ ಹಣಕ್ಕೆ ನಿಜವಾದ ಅಪಾಯ ಎಲ್ಲಿದೆ ಎಂಬುದೂ ಗೊತ್ತಾಗುತ್ತದೆ.

ಫೋನ್ ಲೈನೇ ದಾರಿಯಾಗಿದ್ದಾಗ

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಅದಕ್ಕಿಂತ ಹತ್ತು ವರ್ಷ ಮೊದಲೇ, 1985ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕಚೇರಿ ತೆರೆದಿತ್ತು. ಇಲ್ಲಿನ ಎಂಜಿನಿಯರ್‌ಗಳು ಮಾಡಿದ ಚಿಪ್ ವಿನ್ಯಾಸವನ್ನು ಅಮೆರಿಕಕ್ಕೆ ಕಳಿಸಲು ಅದು ಉಪಗ್ರಹ ಸಂಪರ್ಕವನ್ನೇ ಏರ್ಪಡಿಸಿಕೊಂಡಿತು. ದೊಡ್ಡ ಕಂಪನಿಗೆ ಅದು ಸಾಧ್ಯ. ಆದರೆ ಊರೂರು ಸುತ್ತುವ ಮಾರಾಟ ಪ್ರತಿನಿಧಿಯೋ, ರಾತ್ರಿ ಮನೆಯಿಂದ ಸರ್ವರ್ ನೋಡಿಕೊಳ್ಳುವ ತಂತ್ರಜ್ಞರೋ ಆಫೀಸಿನ ಕಂಪ್ಯೂಟರನ್ನು ತಲುಪುವುದು ಹೇಗೆ?

ಅದಕ್ಕೆ ಇದ್ದ ಉತ್ತರ ಸಾಮಾನ್ಯ ಟೆಲಿಫೋನ್ ಲೈನ್. ಟೆಲಿಫೋನ್ ತಂತಿ ಇದ್ದದ್ದು ಮನುಷ್ಯರ ಮಾತಿಗಾಗಿ. ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿ ಮಾತ್ರ ಅದರಲ್ಲಿ ಸರಿಯಾಗಿ ಸಾಗುತ್ತಿತ್ತು. ಕಂಪ್ಯೂಟರಿನ ಸೊನ್ನೆ-ಒಂದುಗಳನ್ನು ಈ ಮಿತಿಯೊಳಗಿನ ದನಿಯಾಗಿ ಬದಲಿಸುವ, ಆ ಕಡೆ ಬಂದ ದನಿಯನ್ನು ಮತ್ತೆ ಸೊನ್ನೆ-ಒಂದಾಗಿ ಮಾಡುವ ಪೆಟ್ಟಿಗೆಯೇ ಮೋಡೆಮ್. ಡಯಲ್-ಅಪ್ ಕಾಲದವರಿಗೆ ಆ ಕೀರಲು ಸದ್ದು ನೆನಪಿರುತ್ತದೆ. ಎರಡೂ ಕಡೆಯ ಮೋಡೆಮ್‌ಗಳು ‘ಈ ಲೈನ್ ಎಷ್ಟು ಚೆನ್ನಾಗಿದೆ, ಯಾವ ವೇಗದಲ್ಲಿ ಮಾತಾಡೋಣ’ ಎಂದು ಒಪ್ಪಂದ ಮಾಡಿಕೊಳ್ಳುತ್ತಿದ್ದ ಸದ್ದು ಅದು.

ಆಫೀಸಿನ ಕಡೆ ಸಾಲಾಗಿ ಜೋಡಿಸಿದ ಮೋಡೆಮ್‌ಗಳು, ಅವುಗಳ ಹಿಂದೆ ಒಂದು ರಿಮೋಟ್ ಆ್ಯಕ್ಸೆಸ್ ಸರ್ವರ್. ನೀವು ಆ ನಂಬರಿಗೆ ಡಯಲ್ ಮಾಡಿದರೆ ಯಾವುದಾದರೂ ಖಾಲಿ ಮೋಡೆಮ್ ಕರೆ ಎತ್ತಿಕೊಳ್ಳುತ್ತಿತ್ತು. ಸರ್ವರ್ ಹೆಸರು, ಪಾಸ್‌ವರ್ಡ್ ಕೇಳುತ್ತಿತ್ತು. ಒಪ್ಪಿಗೆಯಾದರೆ ನಿಮ್ಮ ಮನೆಯ ಕಂಪ್ಯೂಟರ್ ಆಫೀಸಿನ ಮೇಜಿನ ಮೇಲಿದ್ದಂತೆಯೇ ಆ ನೆಟ್‌ವರ್ಕಿನ ಭಾಗವಾಗುತ್ತಿತ್ತು.

ವೇಗ ಮಾತ್ರ ಕೇಳಬೇಡಿ. 1998ರಲ್ಲಿ ಬಂದ ವಿ.90 ಮೋಡೆಮ್‌ಗಳ ಗರಿಷ್ಠ ವೇಗ ಇಳಿಕೆಗೆ ಸೆಕೆಂಡಿಗೆ 56 ಕಿಲೋಬಿಟ್, ಏರಿಕೆಗೆ 33.6 ಕಿಲೋಬಿಟ್. ಈಗಿನ ಮೊಬೈಲಿನಲ್ಲಿ ತೆಗೆದ 3 ಎಂಬಿಯ ಒಂದು ಫೋಟೋವನ್ನು ಆ ದಾರಿಯಲ್ಲಿ ಆಫೀಸಿಗೆ ಕಳಿಸಲು, ಎಲ್ಲವೂ ಸರಿಯಿದ್ದರೂ, 12 ನಿಮಿಷ ಬೇಕಾಗುತ್ತಿತ್ತು. ಅಷ್ಟರಲ್ಲಿ ಮನೆಯವರು ಯಾರಾದರೂ ಪಕ್ಕದ ಕೋಣೆಯ ರಿಸೀವರ್ ಎತ್ತಿದರೆ ಸಂಪರ್ಕ ಕಡಿದು ಮೊದಲಿನಿಂದ ಶುರು. ದೂರದ ಊರಿನಿಂದಾದರೆ ಎಸ್‌ಟಿಡಿ ಬಿಲ್ ಬೇರೆ.

ಬಾಗಿಲು ತಟ್ಟಿದವರು ಯಾರು?

ಈ ವ್ಯವಸ್ಥೆಯಲ್ಲಿ ಒಂದು ದೊಡ್ಡ ತೊಂದರೆಯಿತ್ತು. ಟೆಲಿಫೋನ್ ನಂಬರಿಗೆ ಯಾರು ಬೇಕಾದರೂ ಡಯಲ್ ಮಾಡಬಹುದು. ಒಂದು ಪ್ರದೇಶದ ನಂಬರುಗಳಿಗೆಲ್ಲ ಸಾಲಾಗಿ ಕರೆ ಮಾಡಿ, ಎಲ್ಲಿ ಮೋಡೆಮ್ ಉತ್ತರಿಸುತ್ತದೆ ಎಂದು ಪಟ್ಟಿ ಮಾಡುವ ಪ್ರೋಗ್ರಾಮುಗಳು ಆಗಲೇ ಇದ್ದವು. 1983ರ ‘ವಾರ್‌ಗೇಮ್ಸ್’ ಸಿನಿಮಾದ ಹುಡುಗ ಮಾಡುವುದು ಇದನ್ನೇ. ಈ ತಂತ್ರಕ್ಕೆ ‘ವಾರ್ ಡಯಲಿಂಗ್’ ಎಂಬ ಹೆಸರು ಉಳಿದದ್ದೂ ಆ ಸಿನಿಮಾದಿಂದಲೇ.

ಹಾಗಾಗಿ ಪಾಸ್‌ವರ್ಡ್ ಒಂದೇ ಸಾಲದು ಎಂಬುದು ಬೇಗ ಅರ್ಥವಾಯಿತು. ಆಗ ಕಂಡುಕೊಂಡ ಉಪಾಯಗಳಲ್ಲಿ ಒಂದು ‘ಕಾಲ್ ಬ್ಯಾಕ್’. ನೀವು ಡಯಲ್ ಮಾಡಿ ಹೆಸರು ಹೇಳುತ್ತೀರಿ, ಸರ್ವರ್ ಫೋನ್ ಇಟ್ಟುಬಿಡುತ್ತದೆ. ಆಮೇಲೆ ತನ್ನಲ್ಲಿ ಮೊದಲೇ ಬರೆದಿಟ್ಟುಕೊಂಡ ನಿಮ್ಮ ಮನೆಯ ನಂಬರಿಗೆ ತಾನೇ ಕರೆ ಮಾಡುತ್ತದೆ. ಪಾಸ್‌ವರ್ಡ್ ಕದ್ದವನು ಬೇರೆ ಊರಿನಲ್ಲಿ ಕೂತಿದ್ದರೆ ಅವನಿಗೆ ಕರೆ ಬರುವುದೇ ಇಲ್ಲ. ಕರೆಯ ಖರ್ಚೂ ಆಫೀಸಿನದೇ.

ಚೆನ್ನಾಗಿದೆ ಅನ್ನಿಸುತ್ತದಲ್ಲವೇ? ಆದರೆ ಕಳ್ಳನು ನಿಮ್ಮ ಮನೆಯ ಫೋನಿಗೆ ಹೇಗಾದರೂ ‘ಕಾಲ್ ಫಾರ್ವರ್ಡ್’ ಹಾಕಿಬಿಟ್ಟರೆ? ಸರ್ವರ್ ನಿಮಗೆಂದು ಮಾಡಿದ ಕರೆ ಅವನಿಗೆ ಹೋಗುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ನೂರಾರು ಜನ ಡಯಲ್ ಮಾಡುವ ಕಡೆ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ಒಂದೇ ಜಾಗದಲ್ಲಿ ನಿರ್ಧರಿಸಲು 1991ರಲ್ಲಿ ಲಿವಿಂಗ್‌ಸ್ಟನ್ ಎಂಟರ್‌ಪ್ರೈಸಸ್ ಎಂಬ ಅಮೆರಿಕದ ಕಂಪನಿ ‘ರೇಡಿಯಸ್’ ಎಂಬ ವಿಧಾನ ರೂಪಿಸಿತು. ಇದರ ಪೂರ್ಣ ಹೆಸರಿನಲ್ಲಿ ‘ಡಯಲ್ ಇನ್’ ಎಂಬ ಪದಗಳು ಇಂದಿಗೂ ಇವೆ. ಡಯಲ್ ಮಾಡುವ ಕಾಲ ಹೋದರೂ ರೇಡಿಯಸ್ ಹೋಗಿಲ್ಲ. ಕಾಲೇಜುಗಳ ಎಡುರೋಮ್ ವೈ-ಫೈ, ಅನೇಕ ಕಂಪನಿಗಳ ವಿಪಿಎನ್ ಇವೆಲ್ಲದರ ಹಿಂದೆ ನಿಮ್ಮ ಹೆಸರು, ಪಾಸ್‌ವರ್ಡ್ ಪರೀಕ್ಷಿಸುವುದು ಅದೇ.

ಹಾಗಾದರೆ #90 ಎಲ್ಲಿಂದ ಬಂತು?

ಆಫೀಸುಗಳಲ್ಲಿ ಕಂಪ್ಯೂಟರಿಗೆ ನೆಟ್‌ವರ್ಕ್ ಇದ್ದಂತೆ ಫೋನುಗಳಿಗೆ ಇಪಿಎಬಿಎಕ್ಸ್ ಇರುತ್ತದೆ. ಒಳಗಿನ ಎಕ್ಸ್‌ಟೆನ್ಷನ್‌ಗಳನ್ನು ಜೋಡಿಸುವ ಪೆಟ್ಟಿಗೆ ಅದು. ಹೊರಗಿನ ಲೈನ್ ಬೇಕಾದರೆ ಮೊದಲು ಒಂದು ಅಂಕಿ ಒತ್ತಬೇಕು. ಅಮೆರಿಕದ ಅನೇಕ ಆಫೀಸುಗಳಲ್ಲಿ ಅದು 9.

1990ರ ದಶಕದ ಕೊನೆಯಲ್ಲಿ ಅಲ್ಲಿ ಒಂದು ಎಚ್ಚರಿಕೆ ಇಮೇಲ್‌ಗಳಲ್ಲಿ ಹರಡಿತು. ವಂಚಕರು ಆಫೀಸಿಗೆ ಫೋನ್ ಮಾಡಿ, ‘ಲೈನ್ ಪರೀಕ್ಷೆ, 90# ಒತ್ತಿ’ ಎನ್ನುತ್ತಾರೆ ಎಂಬುದು ಅದರ ಸಾರ. ಹೊರಗಿನ ಲೈನಿಗೆ 9 ಒತ್ತಬೇಕಾದ ಕೆಲವು ವ್ಯವಸ್ಥೆಗಳಲ್ಲಿ ಹಾಗೆ ಒತ್ತಿದರೆ ವಂಚಕನ ಕರೆ ಹೊರಗಿನ ಲೈನಿಗೆ ವರ್ಗವಾಗುತ್ತಿತ್ತು. ಅವನು ದೂರದ ದೇಶಕ್ಕೆ ಮಾತಾಡಿದರೂ ಬಿಲ್ ಆಫೀಸಿಗೆ. ಅಂದರೆ ಎಚ್ಚರಿಕೆಯಲ್ಲಿ ನಿಜವಿತ್ತು, ಆದರೆ ಅಂಥ ಆಫೀಸು ಫೋನುಗಳಿಗೆ ಮಾತ್ರ. ಮನೆಯ ಫೋನಿಗೂ ಅದು ಅನ್ವಯಿಸುತ್ತಿರಲಿಲ್ಲ.

ಕೈಯಿಂದ ಕೈಗೆ ಹೋಗುತ್ತ 90# ಹೋಗಿ #90 ಆಯಿತು, ಆಫೀಸು ಹೋಗಿ ಮೊಬೈಲ್ ಆಯಿತು, ಬಿಲ್ ಹೋಗಿ ಸಿಮ್ ಕಳವಾಯಿತು. ಸಂದೇಶಗಳು ಹರಡುವುದನ್ನು ಅಧ್ಯಯನ ಮಾಡುವ ನಮಗೆ ಇದು ಮತ್ತೆಮತ್ತೆ ಕಾಣುತ್ತದೆ. ಫಾರ್ವರ್ಡ್ ಉಳಿಯುತ್ತದೆ, ಅದಕ್ಕೆ ಅರ್ಥ ಕೊಟ್ಟಿದ್ದ ಸಂದರ್ಭ ಉದುರಿಹೋಗುತ್ತದೆ.

ವಿಪಿಎನ್: ದಾರಿ ಬದಲಾಯಿತು, ಪ್ರಶ್ನೆ ಅದೇ

ಮನೆಮನೆಗೆ ಇಂಟರ್ನೆಟ್ ಬಂದ ಮೇಲೆ ಆಫೀಸಿಗೆ ನೇರವಾಗಿ ಡಯಲ್ ಮಾಡುವ ಅಗತ್ಯ ಹೋಯಿತು. ಎಲ್ಲರೂ ಓಡಾಡುವ ಇಂಟರ್ನೆಟ್ಟಿನಲ್ಲೇ ನಿಮ್ಮ ಮಾಹಿತಿಯನ್ನು ಗುಪ್ತಲಿಪಿಗೆ ತಿರುಗಿಸಿ, ಸುರಂಗದೊಳಗೆ ಸಾಗಿಸಿದಂತೆ ಆಫೀಸಿಗೆ ತಲುಪಿಸುವ ವಿಧಾನವೇ ವಿಪಿಎನ್. ನಡುವೆ ಇಣುಕಿದವರಿಗೆ ಅರ್ಥವಾಗದ ಅಕ್ಷರಗಳಷ್ಟೇ ಕಾಣುತ್ತವೆ.

ಕರ್ನಾಟಕದ ಐಟಿ ಮತ್ತು ಬಿಪಿಒ ಉದ್ಯೋಗಿಗಳಿಗೆ ಇದರ ಬೆಲೆ ಗೊತ್ತಾದದ್ದು 2020ರಲ್ಲಿ. ಅಲ್ಲಿಯವರೆಗೆ ಕಾಲ್ ಸೆಂಟರ್‌ನಂಥ ಸೇವೆಗಳವರು ಮನೆಯಿಂದ ಕೆಲಸ ಮಾಡಿಸಲು ದೂರಸಂಪರ್ಕ ಇಲಾಖೆಯ ಬಿಗಿ ಷರತ್ತುಗಳಿದ್ದವು. ಮಾರ್ಚ್‌ನಲ್ಲಿ ಇಲಾಖೆ ಅವನ್ನು ತಾತ್ಕಾಲಿಕವಾಗಿ ಸಡಿಲಿಸಿತು, ನವೆಂಬರ್‌ನಲ್ಲಿ ಹೊಸ ಮಾರ್ಗಸೂಚಿಯನ್ನೇ ಹೊರಡಿಸಿತು. ಜೊತೆಗೇ ಎರಡು ಫಾರ್ವರ್ಡ್‌ಗಳೂ ಹುಟ್ಟಿಕೊಂಡವು.

ಮೊದಲನೆಯದು, ‘ಭಾರತದಲ್ಲಿ ವಿಪಿಎನ್ ಕಾನೂನುಬಾಹಿರ’ ಎಂಬುದು. ಇದು ತಪ್ಪು. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನ, ವಿಪಿಎನ್ ಸೇವೆ ಮಾರುವ ಕಂಪನಿಗಳು ಗ್ರಾಹಕರ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕು ಎಂದಿತು. ಕಂಪನಿಗಳು ತಮ್ಮ ನೌಕರರಿಗೆ ಕೊಡುವ ವಿಪಿಎನ್‌ಗೆ ಈ ನಿಯಮ ಇಲ್ಲ ಎಂದೂ ಸ್ಪಷ್ಟಪಡಿಸಿತು. ವಿಪಿಎನ್ ಬಳಸುವುದೇ ಅಪರಾಧ ಎಂದು ಅದು ಹೇಳಿಲ್ಲ.

ಎರಡನೆಯದು, ‘ಆಫೀಸಿನ ವಿಪಿಎನ್ ಹಾಕಿದರೆ ಮನೆಯ ಎಲ್ಲ ಫೋನುಗಳೂ ಕಂಪನಿಗೆ ಕಾಣುತ್ತವೆ’ ಎಂಬುದು. ಇದು ಅರ್ಧ ಸತ್ಯ. ವಿಪಿಎನ್ ಹಾಕಿರುವ ಆ ಲ್ಯಾಪ್‌ಟಾಪಿನಿಂದ ಸುರಂಗದ ಮೂಲಕ ಹೋಗುವುದನ್ನು ಕಂಪನಿ ಗಮನಿಸಬಹುದು. ಅದೇ ವೈ-ಫೈನಲ್ಲಿ ನಿಮ್ಮ ಅಮ್ಮ ಮೊಬೈಲಿನಲ್ಲಿ ನೋಡುತ್ತಿರುವ ಧಾರಾವಾಹಿ ಆ ಸುರಂಗದೊಳಗೆ ಹೋಗುವುದಿಲ್ಲ. ಆದರೆ ಕಂಪನಿ ಕೊಟ್ಟ ಲ್ಯಾಪ್‌ಟಾಪಿನಲ್ಲಿ ವಿಪಿಎನ್ ಅಲ್ಲದೆ ಬೇರೆ ನಿಗಾ ತಂತ್ರಾಂಶವೂ ಇರಬಹುದು. ನಿಮ್ಮ ಸ್ವಂತ ಬ್ಯಾಂಕ್ ಕೆಲಸ ಅದರಲ್ಲಿ ಬೇಡ.

ಮರೆತುಬಿಟ್ಟ ಒಂದು ಬಾಗಿಲು

ಸುರಂಗ ಎಷ್ಟೇ ಗಟ್ಟಿಯಿದ್ದರೂ ಬಾಗಿಲಿನ ಬೀಗ ಸಡಿಲವಿದ್ದರೆ ಪ್ರಯೋಜನವಿಲ್ಲ. 2021ರ ಏಪ್ರಿಲ್ ಕೊನೆಯಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯೊಳಗೆ ದಾಳಿಕೋರರು ನುಗ್ಗಿದ್ದು ಒಂದು ಹಳೆಯ ವಿಪಿಎನ್ ಖಾತೆಯಿಂದ. ಯಾರೂ ಬಳಸುತ್ತಿರದಿದ್ದರೂ ಅದನ್ನು ಮುಚ್ಚಿರಲಿಲ್ಲ. ಪಾಸ್‌ವರ್ಡ್ ಬಿಟ್ಟರೆ ಎರಡನೆಯ ಪರೀಕ್ಷೆಯೂ ಇರಲಿಲ್ಲ. ಪೂರ್ವ ಕರಾವಳಿಗೆ ಇಂಧನ ಒಯ್ಯುವ ಕೊಳವೆಮಾರ್ಗ ದಿನಗಟ್ಟಲೆ ನಿಂತು, ಪೆಟ್ರೋಲ್ ಬಂಕ್‌ಗಳ ಮುಂದೆ ಸಾಲು ಬೆಳೆಯಿತು. ಕಂಪನಿ ಸುಮಾರು 44 ಲಕ್ಷ ಡಾಲರ್ ಒತ್ತೆಹಣ ಕೊಟ್ಟಿತು. ಅದರಲ್ಲಿ ಒಂದು ಭಾಗವನ್ನು ಮಾತ್ರ ಅಮೆರಿಕದ ನ್ಯಾಯ ಇಲಾಖೆ ಆಮೇಲೆ ವಶಪಡಿಸಿಕೊಂಡಿತು.

ಡಯಲ್ ಕಾಲದಲ್ಲೇ ಕಲಿತ ‘ಪಾಸ್‌ವರ್ಡ್ ಒಂದೇ ಸಾಲದು’ ಎಂಬ ಪಾಠವನ್ನು ಆ ಒಂದು ಖಾತೆಯ ಮಟ್ಟಿಗೆ ಮರೆತದ್ದರ ಫಲ ಇದು.

ಈಗ ಬಾಗಿಲು ತೆರೆಯುತ್ತಿರುವುದು ನಾವೇ

ಆಫೀಸಿಗಾಗಿ ಹುಟ್ಟಿದ ತಂತ್ರ ಈಗ ನಮ್ಮ ಜೇಬಿನಲ್ಲಿದೆ. ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ಆ್ಯಪ್‌ಗಳು ದೂರದಿಂದ ಕಂಪ್ಯೂಟರ್ ರಿಪೇರಿ ಮಾಡಲು ಬಳಸುವ ಸಾಚಾ ಸಾಧನಗಳು. ಅವು ಸ್ವತಃ ವೈರಸ್ ಅಲ್ಲ. ಆದರೆ ‘ಬ್ಯಾಂಕಿನಿಂದ ಮಾತಾಡ್ತಿದೀವಿ ಸರ್, ಕೆವೈಸಿ ಬಾಕಿ ಇದೆ, ಈ ಆ್ಯಪ್ ಹಾಕಿಕೊಂಡು ಅದರಲ್ಲಿ ಬರೋ ನಂಬರ್ ಹೇಳಿ’ ಎಂದವನಿಗೆ ಆ ನಂಬರ್ ಕೊಟ್ಟು ಒಪ್ಪಿಗೆ ಒತ್ತಿದರೆ ನಿಮ್ಮ ಪರದೆ ಅವನಿಗೆ ಕಾಣುತ್ತದೆ. ನೀವು ಒಟಿಪಿ ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ. 2019ರ ಫೆಬ್ರವರಿಯಲ್ಲೇ ರಿಸರ್ವ್ ಬ್ಯಾಂಕ್ ಎನಿಡೆಸ್ಕ್ ಮೂಲಕ ನಡೆಯುವ ವಂಚನೆಯ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು.

ನಮ್ಮ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು #90 ಸಂದೇಶವನ್ನು ವರ್ಷಗಳಿಂದ ಎಲ್ಲರಿಗೂ ಕಳಿಸುತ್ತಿದ್ದರು. ಇಂಥದ್ದೇ ಒಂದು ಕರೆ ಬಂದಾಗ ಆ್ಯಪ್ ಹಾಕಿಕೊಂಡು ಹಣ ಕಳೆದುಕೊಂಡರು. ‘ಅವನು #90 ಒತ್ತಿ ಅಂತ ಹೇಳಲೇ ಇಲ್ಲವಲ್ಲ’ ಎಂದು ಅವರು ಹೇಳಿದ್ದು ನಮ್ಮ ತಲೆಯಿಂದ ಹೋಗಿಲ್ಲ. ಸುಳ್ಳು ಎಚ್ಚರಿಕೆಯ ನಿಜವಾದ ಹಾನಿ ಇದೇ. ಇಲ್ಲದ ಬಾಗಿಲನ್ನು ಕಾಯುತ್ತ ಕೂರಿಸುತ್ತದೆ.

ಹಳೆಯ ಕಾಲ್ ಫಾರ್ವರ್ಡ್ ತೊಂದರೆಯೂ ಮರಳಿ ಬಂದಿದೆ. ‘ನೆಟ್‌ವರ್ಕ್ ಸರಿಮಾಡುತ್ತೇವೆ, *401* ಒತ್ತಿ ಈ ನಂಬರ್ ಸೇರಿಸಿ’ ಎಂದು ಹೇಳಿ, ನಿಮ್ಮ ಕರೆಗಳು ವಂಚಕನಿಗೆ ಹೋಗುವಂತೆ ಮಾಡುತ್ತಿದ್ದರು. ಆಮೇಲೆ ಕರೆಯ ಮೂಲಕ ಬರುವ ಒಟಿಪಿ ಅವನಿಗೇ. ಇದರಿಂದಾಗಿ 2024ರ ಏಪ್ರಿಲ್ 15ರಿಂದ ಇಂಥ ಕೋಡ್‌ಗಳ ಕಾಲ್ ಫಾರ್ವರ್ಡ್ ಸೇವೆ ನಿಲ್ಲಿಸಲು ದೂರಸಂಪರ್ಕ ಇಲಾಖೆ ಆದೇಶಿಸಿತು. ಅಂದಹಾಗೆ, ‘*#21# ಒತ್ತಿದರೆ ಫೋನ್ ಟ್ಯಾಪ್ ಆಗಿದೆಯೇ ಎಂದು ತಿಳಿಯುತ್ತದೆ’ ಎಂಬುದೂ ಸುಳ್ಳು. ಆ ಕೋಡ್ ಹೇಳುವುದು ಕಾಲ್ ಫಾರ್ವರ್ಡ್ ಇದೆಯೇ ಇಲ್ಲವೇ ಎಂದಷ್ಟೇ.

ಹಾಗಾದರೆ ಏನು ಮಾಡಬೇಕು?

• ಕರೆ ಮಾಡಿದವರು ಯಾರೇ ಎಂದುಕೊಳ್ಳಲಿ, ಅವರು ಹೇಳಿದ ಆ್ಯಪ್ ಹಾಕಿಕೊಳ್ಳಬೇಡಿ, ಕೋಡ್ ಡಯಲ್ ಮಾಡಬೇಡಿ.

• ಸರ್ವರ್ ಮಾಡುತ್ತಿದ್ದುದನ್ನೇ ನೀವೂ ಮಾಡಿ: ಫೋನ್ ಇಟ್ಟುಬಿಡಿ. ಪಾಸ್‌ಬುಕ್ ಅಥವಾ ಕಾರ್ಡಿನ ಹಿಂದೆ ಇರುವ ನಂಬರಿಗೆ ನೀವೇ ಕರೆ ಮಾಡಿ ಕೇಳಿ.

• ಆಫೀಸಿನ ವಿಪಿಎನ್, ಇಮೇಲ್, ವಾಟ್ಸ್ಆ್ಯಪ್ ಎಲ್ಲದಕ್ಕೂ ಎರಡು ಹಂತದ ಪರೀಕ್ಷೆ ಹಾಕಿಕೊಳ್ಳಿ. ಕೆಲಸ ಬಿಟ್ಟ ಮೇಲೆ ಹಳೆಯ ಖಾತೆ ಮುಚ್ಚಿದ್ದಾರೆಯೇ ಎಂದು ಕೇಳಿ.

• ಹಣ ಹೋಗಿದ್ದರೆ ನಾಚಿಕೆ ಬೇಡ, ತಡವೂ ಬೇಡ. ತಕ್ಷಣ ಇಂಟರ್ನೆಟ್ ಆಫ್ ಮಾಡಿ ಆ ಆ್ಯಪ್ ತೆಗೆಯಿರಿ, ಬ್ಯಾಂಕಿಗೆ ಮತ್ತು ಸೈಬರ್ ಸಹಾಯವಾಣಿ 1930ಕ್ಕೆ ಬೇರೆ ಫೋನಿನಿಂದ ತಿಳಿಸಿ. ಗ್ರಾಹಕರೇ ಅಜಾಗರೂಕತೆಯಿಂದ ಗುಟ್ಟಿನ ವಿವರ ಬಿಟ್ಟುಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು, ತಿಳಿಸಿದ ನಂತರದ್ದು ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೇಳಿತ್ತು. ಒಂದೊಂದು ನಿಮಿಷಕ್ಕೂ ಬೆಲೆಯಿದೆ.

ಮುಂದಿನ ಸಲ #90 ಸಂದೇಶ ಬಂದರೆ ಕಳಿಸಿದವರನ್ನು ಗೇಲಿ ಮಾಡಬೇಡಿ. ಅವರ ಕಾಳಜಿ ನಿಜವಾದದ್ದೇ. ಅದರ ಬದಲು ಈ ಸಾಲುಗಳನ್ನು ಅಂಟಿಸಿ: ‘#90ರಿಂದ ಸಿಮ್ ಕಳುವಾಗುವುದಿಲ್ಲ. ಆದರೆ ಫೋನಿನಲ್ಲಿ ಯಾರೋ ಹೇಳಿದರೆಂದು ಆ್ಯಪ್ ಹಾಕಿಕೊಂಡರೆ ಅಥವಾ ಕೋಡ್ ಒತ್ತಿದರೆ ಹಣ ಹೋಗಬಹುದು. ಫೋನ್ ಇಡಿ, ನೀವೇ ಬ್ಯಾಂಕಿಗೆ ಕರೆ ಮಾಡಿ. ಮೋಸವಾದರೆ 1930.’