ಚೀಟಿಯಲ್ಲಿ ಇದ್ದದ್ದು, ಸ್ಕಾರ್ಫ್‌ನಲ್ಲಿ ಇದ್ದದ್ದು

ವಾಣಿಜ್ಯ ಮೇಳದ ದಿನ ನಮ್ಮ ಮಳಿಗೆಯಲ್ಲಿ 14 ಸ್ಕಾರ್ಫ್ ಮಾರಾಟವಾದವು. ಎಲ್ಲಕ್ಕೂ ‘ಶುದ್ಧ ಉಣ್ಣೆ’ ಎಂದು ಚೀಟಿ ಅಂಟಿಸಿದ್ದೆವು. ಚೀಟಿ ಬರೆದವರಲ್ಲಿ ನಾನೂ ಒಬ್ಬಳು. ಅದು ಸುಳ್ಳು.

ಮೊದಲು ನಮ್ಮ ಜಿಲ್ಲೆಯ ಉಣ್ಣೆಯಲ್ಲೇ ಮಾಡಬೇಕೆಂದಿದ್ದೆವು. ಮಳವಳ್ಳಿ ಕಡೆ ನನ್ನ ಮಾಮು ಬಂಡೂರು ಕುರಿ ಸಾಕುತ್ತಾರೆ. ಆ ತಾಲ್ಲೂಕಿನ ಬಂಡೂರು ಗ್ರಾಮದಿಂದಲೇ ತಳಿಗೆ ಆ ಹೆಸರು. ಬಕ್ರೀದ್ ಹತ್ತಿರ ಬಂದರೆ ಟಗರಿನ ಬೆಲೆ ಕೇಳಿದವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ, ಅದರ ಉಣ್ಣೆಯನ್ನು ಮಾತ್ರ ಕೇಳುವವರಿಲ್ಲ. ಮಾಮು ಒಂದು ಚೀಲ ಬಿಟ್ಟಿಯಾಗಿ ಕೊಟ್ಟರು. ತೊಳೆದು, ಹಿಂಜಿ ಮಾಡಿದ ಮೊದಲ ಸ್ಕಾರ್ಫ್ ಕುತ್ತಿಗೆಗೆ ಮುಳ್ಳಿನಂತೆ ಚುಚ್ಚಿತು. ಈಗ ಅದು ನಮ್ಮ ಮನೆಯ ಕಾಲೊರಸು.

ಆಮೇಲೆ ಮೆರಿನೋ ಉಣ್ಣೆ ತರಿಸಿದೆವು. ದುಬಾರಿ. ಖರ್ಚು ಇಳಿಸಲು ಅಕ್ರಿಲಿಕ್ ಬೆರೆಸಿದೆವು. ಫೆಲ್ಟ್ ಎಂದರೆ ನೇಯದೆ ಮಾಡುವ ಬಟ್ಟೆ, ಕಾಶ್ಮೀರದ ನಮ್ದಾ ಇದೇ ಜಾತಿಯದು. ಉಣ್ಣೆಯ ಎಳೆಯ ಮೇಲೆ ಮೀನಿನ ಮೈಯಂತೆ ಕಣ್ಣಿಗೆ ಕಾಣದ ಹುರುಪೆಗಳಿವೆ. ಬಿಸಿ ಸೋಪುನೀರಿನಲ್ಲಿ ಉಜ್ಜಿದರೆ ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಅಕ್ರಿಲಿಕ್‌ಗೆ ಹುರುಪೆ ಇಲ್ಲ, ಉಣ್ಣೆಯ ನಡುವೆ ಸಿಕ್ಕಿಕೊಂಡಿರುತ್ತದೆ ಅಷ್ಟೆ. ಅರ್ಧಕ್ಕರ್ಧ ಹಾಕಿದಾಗ ಹಿಂಡುವಾಗಲೇ ಪದರ ಬಿಟ್ಟುಕೊಂಡಿತು. ಕೊನೆಗೆ ನೂರಕ್ಕೆ 30 ಪಾಲು ಅಕ್ರಿಲಿಕ್ ಎಂದಾಯಿತು. ಒಳ್ಳೆಯ ಹೊಳಪೂ ಬಂತು. ಬೆರೆಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ.

‘ಯಾರು ಕೇಳ್ತಾರೆ ಬಿಡೇ’ ಎಂದಳು ಗೆಳತಿ. ಕೇಳಿದರು. ಮದ್ದೂರಿನಿಂದ ಬಂದಿದ್ದ ನನ್ನ ಖಾಲಾ ಸ್ಕಾರ್ಫ್ ಕೈಯಲ್ಲಿ ಹಿಡಿದು ‘ಅಸ್ಲಿ ಊನ್ ಹೈ ಕ್ಯಾ?’ ಎಂದರು. ಹೌದೆಂದೆ.

ರಾತ್ರಿ ಮನೆಯಲ್ಲಿ ಉಳಿದ ಎಳೆಗಳನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ಕಡ್ಡಿ ಗೀರಿದೆ. ಉಣ್ಣೆ ಸುಟ್ಟ ಕೂದಲಿನ ವಾಸನೆ ಬಿಟ್ಟು ತಾನೇ ಆರಿತು, ಮುಟ್ಟಿದರೆ ಪುಡಿ. ಅಕ್ರಿಲಿಕ್ ಭಗ್ಗನೆ ಹೊತ್ತಿಕೊಂಡು, ಕರಗಿ, ಕರಿಮಣಿಯಂತೆ ತಟ್ಟೆಗೆ ಅಂಟಿತು. ಖಾಲಾ ತಲೆಗೆ ಸ್ಕಾರ್ಫ್ ಸುತ್ತಿಕೊಂಡೇ ಗ್ಯಾಸ್ ಒಲೆ ಮುಂದೆ ನಿಲ್ಲುವವರು. ಆಗಲೇ ಫೋನ್ ಮಾಡಿದೆ. ಬೈಯಲಿಲ್ಲ. ಮೊದಲೇ ಹೇಳಿದ್ದರೂ ತಗೊಳ್ತಿದ್ದೆನಲ್ಲ ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಗ್ರಾಹಕ ಸಂರಕ್ಷಣೆಯ ಪಾಠದಲ್ಲಿ ‘ಮಾಹಿತಿ ಪಡೆಯುವ ಹಕ್ಕು’ ಎಂದು ನಾವೆಲ್ಲ ಅಂಕಕ್ಕಾಗಿ ಬರೆಯುತ್ತೇವೆ. ಅದೇ ನಾವು ಗಲ್ಲಾದ ಈಚೆ ಬದಿಗೆ ಕೂತ ಒಂದೇ ದಿನಕ್ಕೆ ಅದನ್ನು ಮರೆತೆವು. ಮುಂದಿನ ಮೇಳದಲ್ಲಿ, ತಿಂಡಿಯಿರಲಿ ಬಟ್ಟೆಯಿರಲಿ, ಏನೇನು ಎಷ್ಟೆಷ್ಟು ಸೇರಿದೆ ಎಂದು ಬರೆದು ತೋರಿಸಿದವರಿಗೆ ಮಾತ್ರ ಮಳಿಗೆ ಕೊಡಬೇಕೆಂದು ನಮ್ಮ ಉಪನ್ಯಾಸಕರಲ್ಲಿ ಕೇಳಿಕೊಳ್ಳುತ್ತೇನೆ. ಲಾಭ ಎಷ್ಟಾಯಿತೆಂದು ಕೇಳುವ ತೀರ್ಪುಗಾರರು ಇದನ್ನೂ ಕೇಳಲಿ.

ಉಳಿದ 13 ಸ್ಕಾರ್ಫ್ ಕೊಂಡವರು ಇದನ್ನು ಓದುತ್ತಿದ್ದರೆ: ಬೆಂಕಿಯ ಹತ್ತಿರ ತೊಡಬೇಡಿ. ತಣ್ಣೀರಿನಲ್ಲಿ ಉಜ್ಜದೆ ತೊಳೆಯಿರಿ, ಬಿಸಿನೀರಿಗೆ ಹಾಕಿದರೆ ಕುಗ್ಗುತ್ತದೆ. ಬೇಡವೆನಿಸಿದರೆ ಊಟದ ಬಿಡುವಿನಲ್ಲಿ ವಾಣಿಜ್ಯ ವಿಭಾಗಕ್ಕೆ ತನ್ನಿ, ಹಣ ವಾಪಸ್ ಕೊಡುತ್ತೇವೆ.